ಗುಂಡಿಗೂ ಜಗ್ಗದ ಫಲಕ

ಅಮೆರಿಕದ ಮಿಸಿಸಿಪ್ಪಿ ರಾಜ್ಯದಲ್ಲಿ, ಟ್ಯಾಲಹ್ಯಾಚಿ ನದಿಯ ದಂಡೆಯ ಮೇಲೆ ಒಂದು ಫಲಕವಿದೆ. ತೂಕ 500 ಪೌಂಡ್, ಅಂದರೆ ಎರಡು ಕ್ವಿಂಟಲಿಗೂ ಹೆಚ್ಚು. ಗುಂಡು ಹೊಡೆದರೂ ತೂತಾಗದ ಹಾಗೆ ಮಾಡಿಸಿದ ಉಕ್ಕು. 1955ರ ಆಗಸ್ಟ್‌ನಲ್ಲಿ ಷಿಕಾಗೊದಿಂದ ನೆಂಟರ ಮನೆಗೆಂದು ಬಂದಿದ್ದ 14 ವರ್ಷದ ಕಪ್ಪು ಹುಡುಗ ಎಮೆಟ್ ಟಿಲ್‌ನ ಹೆಣವನ್ನು ನೀರಿನಿಂದ ಎತ್ತಿದ್ದು ಇಲ್ಲಿ ಎಂದು ಅದು ಹೇಳುತ್ತದೆ. ಅಂಗಡಿಯಲ್ಲಿದ್ದ ಬಿಳಿ ಹೆಂಗಸಿನ ಜೊತೆ ಸಲುಗೆಯಿಂದ ವರ್ತಿಸಿದ ಎಂಬುದಷ್ಟೇ ಅವನ ಮೇಲಿದ್ದ ಆಪಾದನೆ. ಕೊಲೆಯ ಆರೋಪಿಗಳಿಬ್ಬರನ್ನೂ ಬಿಳಿಯರೇ ತುಂಬಿದ್ದ ಜ್ಯೂರಿ ಗಂಟೆಯೊಂದರ ಆಸುಪಾಸಿನಲ್ಲಿ ಖುಲಾಸೆ ಮಾಡಿತು. ಮರುವರ್ಷ ಅದೇ ಇಬ್ಬರು ಪತ್ರಿಕೆಯೊಂದರಿಂದ ಹಣ ಪಡೆದು, ಕೊಂದವರು ತಾವೇ ಎಂದು ಹೇಳಿಕೊಂಡರು.

2008ರಲ್ಲಿ ನೆಟ್ಟ ಮೊದಲ ಫಲಕವನ್ನು ಯಾರೋ ಕಿತ್ತೊಯ್ದರು. ಎರಡನೆಯದು ಗುಂಡೇಟು ತಿಂದು ಜರಡಿಯಾಯಿತು. 2018ರಲ್ಲಿ ನಿಲ್ಲಿಸಿದ ಮೂರನೆಯದಕ್ಕೆ ತಿಂಗಳು ಚಿಲ್ಲರೆಯಲ್ಲೇ ಗುಂಡು ಬಿತ್ತು. ಉಕ್ಕಿನದು ನಾಲ್ಕನೆಯದು, 2019ರದ್ದು.

ಇದರ ಪಕ್ಕದಲ್ಲಿಟ್ಟು ನೋಡಬೇಕಾದ ಇನ್ನೊಂದು ಫಲಕ ಲೂಸಿಯಾನಾದ ಕೋಲ್‌ಫ್ಯಾಕ್ಸ್ ಎಂಬ ಊರಲ್ಲಿತ್ತು. ಇಲ್ಲಿ ನಡೆದದ್ದು ಒಂದು ದೊಂಬಿ, ಮೂವರು ಬಿಳಿಯರೂ 150 ನೀಗ್ರೋಗಳೂ ಸತ್ತರು, ದಕ್ಷಿಣದಲ್ಲಿ ಹೊರಗಿನವರ ದುರಾಡಳಿತ ಅಲ್ಲಿಗೆ ಕೊನೆಗೊಂಡಿತು ಎಂಬ ಅರ್ಥದ ಮಾತು ಅದರ ಮೇಲಿತ್ತು. ಸರ್ಕಾರವೇ ಹಾಕಿಸಿದ್ದ ಆ ಫಲಕ ಸುಮಾರು 70 ವರ್ಷ ಯಾರ ಕಾವಲೂ ಇಲ್ಲದೆ ನಿಂತಿತ್ತು. ನಿಜವಾಗಿ ನಡೆದದ್ದೇನು? 1873ರ ಏಪ್ರಿಲ್ 13, ಈಸ್ಟರ್ ಭಾನುವಾರ. ಚುನಾವಣೆಯ ಫಲಿತಾಂಶದ ತಕರಾರಿನಲ್ಲಿ ಕಪ್ಪು ಜನ ಊರಿನ ಕೋರ್ಟ್ ಕಟ್ಟಡವನ್ನು ಕಾಯುತ್ತಿದ್ದರು. ಬಿಳಿಯರ ಗುಂಪು ತೋಪು ತಂದು ದಾಳಿ ಮಾಡಿತು, ಕಟ್ಟಡಕ್ಕೆ ಬೆಂಕಿ ಇಟ್ಟಿತು, ಶರಣಾದವರನ್ನೂ ಕೊಂದಿತು. ಒಕ್ಕೂಟ ಸರ್ಕಾರ ಕೆಲವರಿಗೆ ಶಿಕ್ಷೆಯೇನೋ ಕೊಡಿಸಿತು. ಆದರೆ 1876ರಲ್ಲಿ ಸುಪ್ರೀಂ ಕೋರ್ಟ್, ಸಂವಿಧಾನದ 14ನೇ ತಿದ್ದುಪಡಿ ಕಟ್ಟಿಹಾಕುವುದು ರಾಜ್ಯ ಸರ್ಕಾರಗಳನ್ನೇ ಹೊರತು ವ್ಯಕ್ತಿಗಳನ್ನಲ್ಲ ಎಂದು ಅವರನ್ನು ಬಿಟ್ಟುಬಿಟ್ಟಿತು. ಗುಂಪು ಕಟ್ಟಿಕೊಂಡು ಕೊಲ್ಲಲು ಇದಕ್ಕಿಂತ ಒಳ್ಳೆಯ ರಹದಾರಿ ಬೇಕಿರಲಿಲ್ಲ.

ಆ 1873 ನಮಗೂ ಗೊತ್ತಿರುವ ವರ್ಷವೇ. ಜೋತಿಬಾ ಫುಲೆ ‘ಗುಲಾಮಗಿರಿ’ಯನ್ನು ಪ್ರಕಟಿಸಿದ್ದು ಆಗ. ಗುಲಾಮರನ್ನು ಬಿಡಿಸಿದ ಅಮೆರಿಕದ ಸಜ್ಜನರಿಗೆ ಆ ಪುಸ್ತಕವನ್ನು ಅರ್ಪಿಸಿದ ಫುಲೆ, ತಮ್ಮ ನಾಡಿನವರೂ ಅವರಿಂದ ಕಲಿಯಲಿ ಎಂದು ಆಶಿಸಿದ್ದರು. ಪುಣೆಯಲ್ಲಿ ಕೂತು ಅವರು ಮೆಚ್ಚಿದ ಬಿಡುಗಡೆ ಅದೇ ವರ್ಷ ಕೋಲ್‌ಫ್ಯಾಕ್ಸ್‌ನಲ್ಲಿ ಉರಿದು ಬೂದಿಯಾಗಿತ್ತು. ಫುಲೆಯವರ ಮೆಚ್ಚುಗೆ ತಪ್ಪಲ್ಲ. ಆ ಬಿಡುಗಡೆಗಾಗಿ ಲಕ್ಷಾಂತರ ಜನ ಅಂತರ್ಯುದ್ಧದಲ್ಲಿ ಸತ್ತದ್ದು ಸುಳ್ಳೇನೂ ಅಲ್ಲವಲ್ಲ. ಆದರೆ ಕಥೆಯನ್ನು ಬಿಡುಗಡೆಯ ದಿನಕ್ಕೇ ನಿಲ್ಲಿಸಿದರೆ ಏನು ಕಳೆದುಹೋಗುತ್ತದೆ ಎಂಬುದಕ್ಕೆ ಆ ಎರಡು ಊರುಗಳನ್ನು ಒಟ್ಟಿಗೆ ನೆನೆದರೆ ಸಾಕು.

ಅಮೆರಿಕ ಈಗ ಜೂನ್ 19ನ್ನು ‘ಜೂನ್‌ಟೀನ್ತ್’ ಎಂದು ಆಚರಿಸುತ್ತದೆ. 1865ರ ಆ ದಿನ ಜನರಲ್ ಗಾರ್ಡನ್ ಗ್ರ್ಯಾಂಜರ್ ಟೆಕ್ಸಸ್‌ನ ಗ್ಯಾಲ್ವೆಸ್ಟನ್ ಬಂದರಿನಲ್ಲಿ ಗುಲಾಮರೆಲ್ಲ ಸ್ವತಂತ್ರರು ಎಂಬ ಆದೇಶ ಹೊರಡಿಸಿದ. ಲಿಂಕನ್ ಅವರ ವಿಮೋಚನಾ ಘೋಷಣೆ ಜಾರಿಗೆ ಬಂದದ್ದು 1863ರ ಜನವರಿ 1ಕ್ಕೆ. ಎರಡೂವರೆ ವರ್ಷ ಸುದ್ದಿಯೇ ತಲುಪಿರಲಿಲ್ಲ ಎಂದು ಈ ದಿನದ ಬಗ್ಗೆ ಎಲ್ಲರೂ ಹೇಳುತ್ತಾರೆ. ನನಗೆ ಈ ಮಾತಿನ ಮೇಲೆಯೇ ಅನುಮಾನ. ಯಾರ ತಪ್ಪೂ ಇಲ್ಲದ ಕಥೆ ಅದು, ಟಪಾಲು ತಡವಾಯಿತು ಎಂಬಂತೆ. ಟೆಕ್ಸಸ್‌ನ ಪತ್ರಿಕೆಗಳಲ್ಲಿ ಘೋಷಣೆ ಅಚ್ಚಾಗಿತ್ತು. ಮಾಲೀಕರಿಗಂತೂ ಚೆನ್ನಾಗಿ ಗೊತ್ತಿತ್ತು. ಉತ್ತರದ ಸೈನ್ಯ ಹತ್ತಿರ ಬಂದಂತೆಲ್ಲ ಲೂಸಿಯಾನಾ ಮುಂತಾದ ಕಡೆಯಿಂದ ತಮ್ಮ ಗುಲಾಮರನ್ನು ಸಾವಿರಗಟ್ಟಲೆ ಟೆಕ್ಸಸ್‌ಗೆ ಅಟ್ಟಿಕೊಂಡು ಬಂದವರು ಅವರೇ. ಅಲ್ಲಿದ್ದ ಸುಮಾರು 2.5 ಲಕ್ಷ ಗುಲಾಮರಿಗೆ ಬಂದು ಮುಟ್ಟದೇ ಇದ್ದದ್ದು ಸುದ್ದಿಯಲ್ಲ, ಸೈನ್ಯ. ಗ್ರ್ಯಾಂಜರ್ ಜೊತೆ ಬಂದೂಕು ಹಿಡಿದ ಸೈನಿಕರು ಇಳಿದದ್ದರಿಂದ ಆ ಕಾಗದಕ್ಕೆ ಬೆಲೆ ಬಂತು.

ಆದೇಶದ ಮುಂದಿನ ಸಾಲುಗಳನ್ನು ಹಬ್ಬದ ದಿನ ಬಹಳ ಜನ ಓದುವುದಿಲ್ಲ. ಬಿಡುಗಡೆಯಾದವರು ಈಗಿರುವ ಮನೆಗಳಲ್ಲೇ ತೆಪ್ಪಗಿದ್ದು ಕೂಲಿಗೆ ದುಡಿಯಬೇಕು, ಸುಮ್ಮನೆ ಕೂತವರನ್ನು ಸಾಕುವುದಿಲ್ಲ ಎಂಬುದು ಅದರ ತಾತ್ಪರ್ಯ. ತಲೆಮಾರುಗಟ್ಟಲೆ ಬಿಟ್ಟಿ ದುಡಿದವರಿಗೇ ಸೋಮಾರಿತನದ ಬಗ್ಗೆ ಎಚ್ಚರಿಕೆ! 1862ರಲ್ಲಿ ರಾಜಧಾನಿ ವಾಷಿಂಗ್ಟನ್‌ನ ಗುಲಾಮರನ್ನು ಬಿಡಿಸಿದಾಗ ಪರಿಹಾರವನ್ನೂ ಕೊಟ್ಟಿದ್ದರು, ತಲೆಗೆ 300 ಡಾಲರ್‌ವರೆಗೆ. ಅದು ಹೋದದ್ದು ಮಾಲೀಕರ ಕೈಗೆ.

ಸೈನ್ಯ ಬಂದಾಗ ಬಂದ ಸ್ವಾತಂತ್ರ್ಯ 1877ರಲ್ಲಿ ದಕ್ಷಿಣದ ಕಾವಲು ತೆಗೆದಾಗ ಬಹುಪಾಲು ಹಿಂದಕ್ಕೆ ಹೋಯಿತು. ಮುಂದಿನ ಮುಕ್ಕಾಲು ಶತಮಾನದ ಗುಂಪುಹತ್ಯೆಗಳ ಲೆಕ್ಕ ಅಲಬಾಮಾದ ಮಾಂಟ್‌ಗಮರಿಯಲ್ಲಿ 2018ರಲ್ಲಿ ತೆರೆದ ಸ್ಮಾರಕದಲ್ಲಿದೆ: ಕೌಂಟಿಗೊಂದರಂತೆ ತೂಗುಬಿಟ್ಟ 800ಕ್ಕೂ ಹೆಚ್ಚು ಉಕ್ಕಿನ ಕಂಬಗಳು, ಅವುಗಳ ಮೇಲೆ 4,400ಕ್ಕೂ ಹೆಚ್ಚು ಜನರ ಲೆಕ್ಕ. ಹೆಸರು ಸಿಗದವರೂ ಅದರಲ್ಲಿದ್ದಾರೆ.

ನಡೆದದ್ದಕ್ಕೆ ಯಾವ ಹೆಸರಿಡುತ್ತೇವೆ ಎಂಬುದರಲ್ಲೂ ದುಡ್ಡಿನ ಲೆಕ್ಕವಿದೆ. 1921ರ ಮೇ 31 ಮತ್ತು ಜೂನ್ 1ರಂದು ಓಕ್ಲಹೋಮಾದ ಟಲ್ಸಾದಲ್ಲಿ ಗ್ರೀನ್‌ವುಡ್ ಎಂಬ ಕಪ್ಪು ಜನರ ಬಡಾವಣೆಯನ್ನು ಬಿಳಿಯರ ಗುಂಪು ಸುಟ್ಟಿತು. 35 ಬ್ಲಾಕ್‌ಗಳು ನೆಲಸಮವಾದವು. ಸತ್ತವರು 300 ಇರಬಹುದು ಎನ್ನುತ್ತವೆ ಕೆಲವು ಅಂದಾಜುಗಳು. ಅದನ್ನು ‘ದೊಂಬಿ’ ಎಂದು ಕರೆದರು, ದೊಂಬಿಗೆ ವಿಮೆ ಅನ್ವಯಿಸುವುದಿಲ್ಲ ಎಂದು ಕಂಪನಿಗಳು ಕೈಚೆಲ್ಲಿದವು. ದಾಳಿಯಲ್ಲಿ ಬದುಕುಳಿದು ನೂರು ದಾಟಿದ್ದ ಇಬ್ಬರು ಹೆಂಗಸರ ಪರಿಹಾರದ ದಾವೆಯನ್ನು ಆ ರಾಜ್ಯದ ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದು 2024ರ ಜೂನ್‌ನಲ್ಲಿ.

ಜೂನ್‌ಟೀನ್ತ್ ಅನ್ನು ರಾಷ್ಟ್ರೀಯ ರಜೆ ಮಾಡುವ ಮಸೂದೆ 2021ರಲ್ಲಿ ಸೆನೆಟ್‌ನಲ್ಲಿ ಒಂದೇ ಒಂದು ವಿರೋಧವಿಲ್ಲದೆ, ಕೆಳಮನೆಯಲ್ಲಿ 415–14ರಲ್ಲಿ ಪಾಸಾಯಿತು. ಗುಂಪುಹತ್ಯೆಯನ್ನು ಒಕ್ಕೂಟದ ಅಪರಾಧವೆಂದು ಸಾರುವ ಮೊದಲ ಮಸೂದೆ ಬಂದದ್ದು 1900ರಲ್ಲಿ. ಅಂಥ ಕಾನೂನಿಗೆ ಸಹಿ ಬಿದ್ದದ್ದು 2022ರಲ್ಲಿ, ಅದಕ್ಕೆ ಎಮೆಟ್ ಟಿಲ್‌ನ ಹೆಸರು. ರಜೆ ಕೊಡುವುದು ಸುಲಭ. ಹೊಣೆ ಹೊರುವುದಕ್ಕೆ 122 ವರ್ಷ ಬೇಕಾಯಿತು.

ಇದೆಲ್ಲ ನಮಗೇಕೆ ಎನ್ನುವವರು ಕ್ಯಾಲಿಫೋರ್ನಿಯಾದಲ್ಲೋ ನ್ಯೂಜೆರ್ಸಿಯಲ್ಲೋ ಇರುವ ಮಗಳು–ಅಳಿಯನನ್ನು ಒಮ್ಮೆ ಕೇಳಬೇಕು. 1946ರಿಂದ ಭಾರತದವರಿಗೆ ಅಲ್ಲಿ ನೆಲೆಸಲು ಇದ್ದ ಕೋಟಾ ವರ್ಷಕ್ಕೆ 100. ಅದನ್ನು ಕಿತ್ತೊಗೆದ 1965ರ ವಲಸೆ ಕಾನೂನು ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟದ ಬಿಸಿಯಲ್ಲೇ ಬಂದದ್ದು. ವೀಸಾದ ಮೇಲಿರುವ ಕನ್ನಡಿಗರಿಗೆ ಅಲ್ಲಿ ಹುಟ್ಟುವ ಕೂಸು ಆ ದೇಶದ ಪ್ರಜೆಯಾಗುವುದು 14ನೇ ತಿದ್ದುಪಡಿಯಿಂದ. 1868ರಲ್ಲಿ ಜಾರಿಗೆ ಬಂದ ಅದನ್ನು ಬರೆದದ್ದು ಬಿಡುಗಡೆಯಾದ ಗುಲಾಮರಿಗಾಗಿ. ಟ್ರಂಪ್ ಎರಡನೇ ಸಲ ಅಧಿಕಾರಕ್ಕೆ ಬಂದ ದಿನವೇ, 2025ರ ಜನವರಿ 20ರಂದು, ತಾತ್ಕಾಲಿಕ ವೀಸಾದವರ ಮಕ್ಕಳಿಗೆ ಆ ಹಕ್ಕಿಲ್ಲ ಎಂಬ ಆದೇಶಕ್ಕೆ ಸಹಿ ಹಾಕಿದರು. ಸಮ್ಮೇಳನಗಳಲ್ಲಿ ಕನ್ನಡ ಉಳಿಸುವ ಚಿಂತೆ ಮಾಡುವ ನಮ್ಮವರು ಈ ಋಣವನ್ನು ವೇದಿಕೆಯ ಮೇಲೆ ನೆನೆದದ್ದು ನನ್ನ ಕಿವಿಗಂತೂ ಬಿದ್ದಿಲ್ಲ.

ಅದೇ ವರ್ಷದ ಮಾರ್ಚ್‌ನಲ್ಲಿ ಟ್ರಂಪ್ ಅವರ ಇನ್ನೊಂದು ಆದೇಶ: ಸರ್ಕಾರಿ ವಸ್ತುಸಂಗ್ರಹಾಲಯಗಳು ದೇಶದ ಚರಿತ್ರೆಯನ್ನು ಹೀನಾಯವಾಗಿ ತೋರಿಸಬಾರದು. ರಾಷ್ಟ್ರೀಯ ಉದ್ಯಾನಗಳ 2026ರ ಉಚಿತ ಪ್ರವೇಶದ ದಿನಗಳಿಂದ ಜೂನ್‌ಟೀನ್ತ್ ಅನ್ನು ಕೈಬಿಟ್ಟು, ಧ್ವಜ ದಿನವಾದ ಜೂನ್ 14ನ್ನು ಸೇರಿಸಲಾಗಿದೆ. ಟ್ರಂಪ್ ಅವರ ಹುಟ್ಟುಹಬ್ಬವೂ ಅಂದೇ.

ಜೂನ್‌ಟೀನ್ತ್ ರಜೆಗಾಗಿ 89ನೇ ವಯಸ್ಸಿನಲ್ಲಿ ಊರೂರು ನಡೆದ ನಿವೃತ್ತ ಶಿಕ್ಷಕಿ ಓಪಲ್ ಲೀ ಟೆಕ್ಸಸ್‌ನ ಫೋರ್ಟ್‌ವರ್ತ್‌ನವರು. 1939ರಲ್ಲಿ ಅವರಿಗೆ 12 ವರ್ಷ. ಬಿಳಿಯರ ಬೀದಿಯಲ್ಲಿ ಅಪ್ಪ–ಅಮ್ಮ ಕೊಂಡಿದ್ದ ಮನೆಯನ್ನು ಸುಮಾರು 500 ಜನರ ಗುಂಪು ನುಗ್ಗಿ ಹಾಳುಮಾಡಿತು. ಅವತ್ತಿನ ತಾರೀಕು ಜೂನ್ 19. ಮುಂದೆ ಎಂಟು ದಶಕ ದಾಟಿದ ಮೇಲೆ ಆ ಜಾಗವನ್ನು ಹುಡುಕಿಕೊಂಡು ಹೋದಾಗ, ಅದು ಬಡವರಿಗೆ ಮನೆ ಕಟ್ಟಿಕೊಡುವ ಸಂಸ್ಥೆಯೊಂದರ ಕೈಯಲ್ಲಿತ್ತು. ಅವರಿಂದ ಸಂಸ್ಥೆ ತೆಗೆದುಕೊಂಡದ್ದು 10 ಡಾಲರ್. ಅದೇ ನೆಲದಲ್ಲಿ ಕಟ್ಟಿದ ಹೊಸ ಮನೆಗೆ 2024ರಲ್ಲಿ, 97ನೇ ವಯಸ್ಸಿನಲ್ಲಿ, ಅವರು ಕಾಲಿಟ್ಟರು.