ದೂರು ಕೇಳಿಸಬೇಕಾದರೆ ಮುಖ್ಯಮಂತ್ರಿಯೇ ಆಗಿರಬೇಕೆ?

2025ರ ಜುಲೈ 14ರಂದು ನಟಿ ಬಿ. ಸರೋಜಾದೇವಿ ತೀರಿಕೊಂಡರು. ಮುಖ್ಯಮಂತ್ರಿ ಸಿದ್ದರಾಮಯ್ಯ ಅಂತಿಮ ದರ್ಶನ ಪಡೆದ ಸುದ್ದಿಯನ್ನು ಅವರ ಕಚೇರಿ ಕನ್ನಡದಲ್ಲಿ ಫೇಸ್‌ಬುಕ್‌ಗೆ ಹಾಕಿತು. ಮೆಟಾ ಕಂಪನಿಯ ಸ್ವಯಂ ಅನುವಾದ ಅದನ್ನು ಇಂಗ್ಲಿಷಿಗೆ ತಿರುಗಿಸುವಾಗ ಮುಖ್ಯಮಂತ್ರಿಯನ್ನೇ ಸಾಯಿಸಿಬಿಟ್ಟಿತು. ಅವರ ಮಾಧ್ಯಮ ಸಲಹೆಗಾರರು ಪತ್ರ ಬರೆದು, ಅನುವಾದ ನಿಖರವಾಗುವವರೆಗೆ ಕನ್ನಡದ ಮಟ್ಟಿಗೆ ಇದನ್ನು ನಿಲ್ಲಿಸಿ ಎಂದರು. ಮೆಟಾ ಕ್ಷಮೆ ಕೇಳಿತು, ಸರಿಪಡಿಸಿದ್ದೇವೆ ಎಂದಿತು.

ಕಂಪನಿ ಬಳಕೆದಾರರ ಮಾತು ಕೇಳಿತು ಎನ್ನೋಣವೇ? ಕೇಳಿದ್ದು ಒಬ್ಬ ಮುಖ್ಯಮಂತ್ರಿಯ ಮಾತನ್ನು.

ತಪ್ಪು ಎಂಥದ್ದು ನೋಡಿ. 'ಮುಖ್ಯಮಂತ್ರಿಗಳು ನಿನ್ನೆ ತೀರಿಕೊಂಡ ನಟಿಯ ದರ್ಶನ ಪಡೆದರು' ಎಂದರೆ ತೀರಿಕೊಂಡವರು ಯಾರೆಂದು ಕನ್ನಡದ ಮಗುವಿಗೂ ಗೊತ್ತು. 'ತೀರಿಕೊಂಡ' ಎಂಬುದು ಮುಂದೆ ಬರುವ ಹೆಸರಿಗೆ ಸೇರುತ್ತದೆ. ಹಿಂದಿನದಕ್ಕೆ ಸೇರಿಸಿದರೆ ಅನರ್ಥ. ಇಂಥ ವಾಕ್ಯಗಳಿಲ್ಲದೆ ಕನ್ನಡದಲ್ಲಿ ಒಂದು ಪ್ಯಾರಾ ಬರೆಯುವುದೂ ಕಷ್ಟ. ಅಂದರೆ ಯಂತ್ರ ಎಡವಬಹುದಾದ ಜಾಗ ನಾವು ಬರೆಯುವ ಎಲ್ಲ ಕಡೆಯೂ ಇದೆ.

ನಾನಿರುವುದು ಪುಣೆಯ ಯೆರವಡಾದಲ್ಲಿ. ನನ್ನ ಕನ್ನಡದ ಪೋಸ್ಟು ಇಲ್ಲಿನ ಮರಾಠಿ ಸ್ನೇಹಿತರಿಗೆ ತಲುಪುವುದು ಅನುವಾದವಾಗಿ. ನನ್ನ ಫೋನಿನಲ್ಲಿ ಕಾಣುವುದು ನಾನು ಬರೆದ ಕನ್ನಡ ಮಾತ್ರ. ತಪ್ಪು ಕಂಡವರಿಗೆ ಅದು ತಪ್ಪೆಂದು ತಿಳಿಯದು. ತಿಳಿಯಬಲ್ಲವರಿಗೆ ಅದು ಕಾಣದು. ಹೀಗಿರುವಾಗ ದೂರು ಹುಟ್ಟುವುದಾದರೂ ಎಲ್ಲಿಂದ? ದೂರು ಬಂದಿಲ್ಲ ಎಂದ ಮಾತ್ರಕ್ಕೆ ಎಲ್ಲ ಸರಿಯಿದೆ ಎನ್ನಲಾಗದು.

'ಹೊಸದು ಬಂದಾಗ ಜನ ಗೊಣಗುತ್ತಾರೆ, ಆಮೇಲೆ ಒಗ್ಗಿಕೊಳ್ಳುತ್ತಾರೆ' ಎನ್ನುವವರಿದ್ದಾರೆ. 2006ರಲ್ಲಿ ಫೇಸ್‌ಬುಕ್ ನ್ಯೂಸ್ ಫೀಡ್ ತಂದಾಗ ಬಳಕೆದಾರರು ರೇಗಿದ್ದು ನಿಜ, ಫೀಡ್ ಉಳಿದದ್ದೂ ನಿಜ. ಆದರೆ ಅಂದು ಜುಕರ್‌ಬರ್ಗ್ ಕ್ಷಮೆ ಕೇಳಿ, ಕೆಲವೇ ದಿನಗಳಲ್ಲಿ ಖಾಸಗಿತನದ ಹೊಸ ಆಯ್ಕೆಗಳನ್ನು ಕೊಟ್ಟಿದ್ದರು. ಮಾತು ಕೇಳುವುದೆಂದರೆ ಹೇಳಿದ್ದಕ್ಕೆಲ್ಲ ತಲೆಯಾಡಿಸುವುದಲ್ಲ.

ತಲೆಯಾಡಿಸುವ ನಾಟಕವನ್ನೂ ಇದೇ ಕಂಪನಿ ಆಡಿದೆ. ನಿಯಮ ಬದಲಿಸುವಾಗ ಬಳಕೆದಾರರು ಮತ ಹಾಕಬಹುದೆಂದಿತ್ತು. 2012ರ ಡಿಸೆಂಬರಿನಲ್ಲಿ ಸುಮಾರು 6.68 ಲಕ್ಷ ಜನ ಮತ ಹಾಕಿದರು, ಶೇ. 88ರಷ್ಟು ಬದಲಾವಣೆಗೆ ವಿರುದ್ಧ. ಆದರೆ ಫಲಿತಾಂಶಕ್ಕೆ ಕಂಪನಿ ಬದ್ಧವಾಗಲು ಶೇ. 30ರಷ್ಟು ಬಳಕೆದಾರರು, ಅಂದರೆ 30 ಕೋಟಿ ಜನ, ಮತ ಹಾಕಬೇಕಿತ್ತು. ಅಷ್ಟು ಜನ ಬರಲಿಲ್ಲವೆಂದು ಮತದಾನವನ್ನೇ ಎತ್ತಿಹಾಕಿದರು.

ನಮಗೆ ಅಂಥ ಚುನಾವಣೆ ಬೇಡ. ನಮ್ಮ ಕಸುಬಿನಲ್ಲಿ ಅನುವಾದಕ್ಕೆ ಮೊದಲು ಲೇಖಕರ ಒಪ್ಪಿಗೆ ಬೇಕು. ಕೈತಿದ್ದಿದ ಕರಡು ಮರಳಿ ಬಂದರೆ ಉತ್ತರಿಸಬೇಕು. ಅಚ್ಚಾದ ಮೇಲೆ ತಪ್ಪು ಕಂಡರೂ ಹೊಣೆ ನಮ್ಮದೇ. ಕಂಪನಿಗಳಿಂದಲೂ ಇಷ್ಟೇ ಕೇಳೋಣ: ಬರೆದವರು ಒಪ್ಪದೆ ಅನುವಾದ ಬೇಡ, ಆದ ಅನುವಾದ ಬರೆದವರಿಗೂ ಕಾಣಲಿ, ದೂರನ್ನು ಕನ್ನಡ ಬಲ್ಲ ಮನುಷ್ಯರು ಓದಿ ಉತ್ತರಿಸಲಿ. ಸಾವಿರಾರು ಕೋಟಿ ಗಳಿಸುವವರಿಗೆ ಇದು ಹೊರೆಯೇನಲ್ಲ. ಹೊರೆಯೆನಿಸಿದರೆ ನಮ್ಮ ಮಾತನ್ನು ನಮ್ಮ ಭಾಷೆಯಲ್ಲೇ ಇರಲು ಬಿಡಲಿ.