ಅನುಮಾನ ಪಡುವುದು ತಪ್ಪಲ್ಲ, ಕಾರಣ ಕೇಳದಿರುವುದು ತಪ್ಪು

‘ನಿಂಗ್ಯಾಕೆ ಬೇಕು ಇದೆಲ್ಲ? ಸುಮ್ನೆ ಓದು, ಒಂದು ನೌಕರಿ ಹಿಡಿ’. ಸ್ಪರ್ಧಾತ್ಮಕ ಪರೀಕ್ಷೆಗೆ ತಯಾರಾಗುತ್ತಿರುವ ಯಾರನ್ನೇ ಕೇಳಿ, ಈ ಮಾತನ್ನು ಮನೆಯಲ್ಲೋ ಹಾಸ್ಟೆಲ್‌ನಲ್ಲೋ ಕೇಳಿರುತ್ತಾರೆ. ಎರಡು ವರ್ಷದಿಂದ ಧಾರವಾಡದ ವಾಚನಾಲಯವೊಂದರಲ್ಲಿ ಕುಳಿತು ಓದುತ್ತಿರುವ ನಾನೂ ಕೇಳಿದ್ದೇನೆ. ಹೇಳುವವರ ಕಾಳಜಿ ಸುಳ್ಳಲ್ಲ. ಆದರೆ ಸಂವಿಧಾನದ ಭಾಗ ಮೂರನ್ನು ಅಂಕಕ್ಕಾಗಿ ಬಾಯಿಪಾಠ ಮಾಡುವ ನಾವೇ, ಅದೇ ಹಕ್ಕುಗಳ ಬಗ್ಗೆ ಮಾತು ಬಂದರೆ ‘ರಾಜಕೀಯ ಬೇಡಪ್ಪಾ’ ಎಂದು ಎದ್ದು ಹೋಗುತ್ತೇವೆ. ಇದು ವಿಚಿತ್ರವಲ್ಲವೇ?

ಹಾಗಂತ ನಮ್ಮ ತಲೆಮಾರಿಗೆ ಸರ್ಕಾರದ ಮೇಲೆ ಬಹಳ ನಂಬಿಕೆಯಿದೆ ಎಂದೇನಲ್ಲ. ಟೀ ಅಂಗಡಿಯಲ್ಲಿ ಐದು ನಿಮಿಷ ನಿಂತರೆ ಸಾಕು, ‘ಎಲ್ಲರೂ ಕಳ್ಳರೇ’ ಎಂಬ ತೀರ್ಪು ಸಿಗುತ್ತದೆ. ಈ ಅಪನಂಬಿಕೆಯಿಂದ ಯಾವ ಸರ್ಕಾರಕ್ಕೂ ತೊಂದರೆಯಿಲ್ಲ. ಎಲ್ಲರೂ ಕಳ್ಳರೇ ಎಂದವನು ಯಾರನ್ನೂ ಏನನ್ನೂ ಕೇಳುವುದಿಲ್ಲ. ಇನ್ನೊಂದು ಬಗೆಯ ಅಪನಂಬಿಕೆಯಿದೆ. ಅದು, ‘ಈ ಆದೇಶ ಯಾಕೆ ಹೊರಡಿಸಿದಿರಿ, ಯಾವ ಕಾನೂನಿನಡಿ, ಎಷ್ಟು ದಿನಕ್ಕೆ? ಕಾರಣ ಬರೆದು ಕೊಡಿ’ ಎಂದು ಕೇಳುವುದು. ಪ್ರಜಾಪ್ರಭುತ್ವ ಉಳಿದಿರುವುದು ಈ ಎರಡನೆಯದರಿಂದ ಎಂಬುದು ನನ್ನ ನಂಬಿಕೆ.

ತುರ್ತು ಪರಿಸ್ಥಿತಿಯನ್ನೇ ನೋಡಿ. 1975ರ ಜೂನ್ 25, 352ನೇ ವಿಧಿ, ‘ಆಂತರಿಕ ಕ್ಷೋಭೆ’ ಎಂದು ನಾವು ಒಂದು ಸಾಲಿನ ಉತ್ತರ ಬರೆದು ಮುಂದೆ ಹೋಗುತ್ತೇವೆ. ಆ ರಾತ್ರಿ ರಾಷ್ಟ್ರಪತಿಯವರ ಸಹಿ ಬಿದ್ದಾಗ ಕೇಂದ್ರ ಸಂಪುಟಕ್ಕೇ ವಿಷಯ ಗೊತ್ತಿರಲಿಲ್ಲ. ಸಂಪುಟ ಸಭೆ ಸೇರಿದ್ದು ಮರುದಿನ ಬೆಳಿಗ್ಗೆ. ಅದೇ ದಿನ, ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಅಡ್ವಾಣಿ, ಮಧು ದಂಡವತೆ ಮತ್ತು ಶ್ಯಾಮನಂದನ್ ಮಿಶ್ರಾ ಅವರನ್ನು ಬಂಧಿಸಿ ಇಲ್ಲಿನ ಸೆಂಟ್ರಲ್ ಜೈಲಿಗೆ ಕಳುಹಿಸಲಾಯಿತು. ‘ಸಂಸ್ಕಾರ’ ಸಿನಿಮಾದ ಚಂದ್ರಿ ಪಾತ್ರದ ಸ್ನೇಹಲತಾ ರೆಡ್ಡಿ 1976ರಲ್ಲಿ ಅದೇ ಜೈಲು ಸೇರಿದರು. ಅಸ್ತಮಾ ಇದ್ದ ಅವರು ಸುಮಾರು ಎಂಟು ತಿಂಗಳು ಒಳಗಿದ್ದರು. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು.

ಬಂಧನವನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋಗಬಹುದೇ ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟ್ 1976ರ ಏಪ್ರಿಲ್ 28ರಂದು ‘ಇಲ್ಲ’ ಎಂದಿತು. ಐವರಲ್ಲಿ ನಾಲ್ವರು ಹಾಗೆಂದರು. ಭಿನ್ನ ತೀರ್ಪು ಕೊಟ್ಟ ಎಚ್.ಆರ್. ಖನ್ನಾ ಅವರಿಗೆ ಮುಂದೆ ಮುಖ್ಯ ನ್ಯಾಯಮೂರ್ತಿ ಹುದ್ದೆ ತಪ್ಪಿತು. ಆ ಬಹುಮತದ ತೀರ್ಪು ತಪ್ಪು ಎಂದು ಸುಪ್ರೀಂ ಕೋರ್ಟ್ ಹೇಳಲು 2017ರವರೆಗೆ ಕಾಯಬೇಕಾಯಿತು. ಹಾಗೆ ಹೇಳಿದ ಖಾಸಗಿತನದ ಪ್ರಕರಣವನ್ನು ಹೂಡಿದವರು ನಮ್ಮದೇ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

1977ರ ಚುನಾವಣೆಯಲ್ಲಿ ಜನ ಪಾಠ ಕಲಿಸಿದರು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಉತ್ತರ ಭಾರತದ ಮಟ್ಟಿಗೆ ನಿಜ. ಕರ್ನಾಟಕದಲ್ಲಿ ಮಾತ್ರ ಆ ಚುನಾವಣೆಯಲ್ಲೂ 28 ಸ್ಥಾನಗಳಲ್ಲಿ 26 ಕಾಂಗ್ರೆಸ್‌ಗೇ ಬಂದವು. ದೇವರಾಜ ಅರಸು ಅವರ ಭೂಸುಧಾರಣೆಯಿಂದ ನೆಲ ಕಂಡವರಿಗೆ ತಮ್ಮದೇ ಲೆಕ್ಕಾಚಾರವಿತ್ತು, ಅದನ್ನು ತಪ್ಪೆನ್ನಲಾರೆ. ಆದರೆ ಇದರಲ್ಲಿ ಒಂದು ಎಚ್ಚರಿಕೆಯಿದೆ. ಮತ ಹಾಕುವಾಗ ಜನ ಹತ್ತು ವಿಷಯ ನೋಡುತ್ತಾರೆ. ಜೈಲಿನಲ್ಲಿರುವ ಒಬ್ಬರ ಸ್ವಾತಂತ್ರ್ಯ ಆ ಹತ್ತರಲ್ಲಿ ಕೊನೆಯದಾಗಬಹುದು. ಆದ್ದರಿಂದ ಹಕ್ಕುಗಳ ರಕ್ಷಣೆಯನ್ನು ಚುನಾವಣೆಗೆ ಮಾತ್ರ ಬಿಟ್ಟರೆ ಸಾಲದು, ನಿಯಮಗಳು ಬೇಕು.

ಆ ನಿಯಮ ಬಂದಿದ್ದು 1978ರ 44ನೇ ತಿದ್ದುಪಡಿಯಲ್ಲಿ. ‘ಆಂತರಿಕ ಕ್ಷೋಭೆ’ ಎಂಬ ಮಸುಕು ಪದ ಹೋಗಿ ‘ಸಶಸ್ತ್ರ ದಂಗೆ’ ಬಂತು. ಸಂಪುಟದ ತೀರ್ಮಾನವನ್ನು ಲಿಖಿತವಾಗಿ ತಿಳಿಸದೆ ರಾಷ್ಟ್ರಪತಿ ತುರ್ತು ಪರಿಸ್ಥಿತಿ ಘೋಷಿಸುವಂತಿಲ್ಲ ಎಂದಾಯಿತು. 20 ಮತ್ತು 21ನೇ ವಿಧಿಗಳ ಹಕ್ಕನ್ನು ಜಾರಿಗೊಳಿಸುವಂತೆ ಕೋರ್ಟಿಗೆ ಹೋಗುವ ಬಾಗಿಲನ್ನು ತುರ್ತು ಪರಿಸ್ಥಿತಿಯಲ್ಲೂ ಮುಚ್ಚುವಂತಿಲ್ಲ ಎಂದಾಯಿತು. ‘ಲಿಖಿತವಾಗಿ’ ಎಂಬ ಆ ಒಂದು ಪದದಲ್ಲಿ ಒಂದು ದೇಶದ ಅಪನಂಬಿಕೆ ಕಾನೂನಾಗಿ ಕುಳಿತಿದೆ. ಅದು ನಮ್ಮ ನೋಟ್ಸ್‌ನಲ್ಲಿ ಅರ್ಧ ಸಾಲು ಮಾತ್ರ.

ಈಗ ಯಾರೂ ತುರ್ತು ಪರಿಸ್ಥಿತಿ ಘೋಷಿಸುವುದಿಲ್ಲ. ಸಣ್ಣ ಸಣ್ಣ ಆದೇಶಗಳಲ್ಲೇ ಕೆಲಸ ಮುಗಿಯುತ್ತದೆ. 2019ರ ಡಿಸೆಂಬರ್‌ನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆ ವಿರುದ್ಧ ಪ್ರತಿಭಟನೆಗಳು ನಡೆಯಬೇಕಿದ್ದ ಹೊತ್ತಿಗೆ ಬೆಂಗಳೂರಿನಲ್ಲಿ ಮೂರು ದಿನ 144ನೇ ಸೆಕ್ಷನ್ ಜಾರಿಯಾಯಿತು. ಡಿಸೆಂಬರ್ 19ರಂದು ಟೌನ್‌ಹಾಲ್ ಬಳಿ ಪೊಲೀಸರು ವಶಕ್ಕೆ ಪಡೆದವರಲ್ಲಿ ಇತಿಹಾಸಕಾರ ರಾಮಚಂದ್ರ ಗುಹಾ ಕೂಡ ಇದ್ದರು. 2020ರ ಫೆಬ್ರುವರಿಯಲ್ಲಿ ಹೈಕೋರ್ಟ್ ಆ ಆದೇಶ ಕಾನೂನುಬಾಹಿರ ಎಂದಿತು. ನಿರ್ಬಂಧಕ್ಕೆ ತಕ್ಕ ಕಾರಣಗಳನ್ನು ಆದೇಶದಲ್ಲಿ ದಾಖಲಿಸಿರಲಿಲ್ಲ ಎಂಬುದೇ ಮುಖ್ಯ ಕೊರತೆ. ತೀರ್ಪು ಸರಿಯಾಗಿಯೇ ಬಂತು, ಆದರೆ ಸುಮಾರು ಎರಡು ತಿಂಗಳು ತಡವಾಗಿ. ಮಾತನಾಡಬೇಕಿದ್ದ ಆ ಮೂರು ದಿನಗಳನ್ನು ಯಾರು ತಂದುಕೊಡುತ್ತಾರೆ? 144 ಈಗ ಹೊಸ ಸಂಹಿತೆಯಲ್ಲಿ 163 ಆಗಿದೆ. ಸಂಖ್ಯೆ ಬದಲಾದರೂ ಅಧಿಕಾರ ಹಾಗೆಯೇ ಇದೆ.

ಇಂಟರ್ನೆಟ್ ಕಡಿತದ್ದೂ ಇದೇ ಕಥೆ. 2019ರ ಆಗಸ್ಟ್‌ನಲ್ಲಿ ಕಾಶ್ಮೀರದಲ್ಲಿ ಸಂಪರ್ಕವೆಲ್ಲ ಕಡಿತಗೊಂಡಾಗ ‘ಕಾಶ್ಮೀರ್ ಟೈಮ್ಸ್’ ಸಂಪಾದಕಿ ಅನುರಾಧಾ ಭಾಸಿನ್ ಸುಪ್ರೀಂ ಕೋರ್ಟಿಗೆ ಹೋದರು. ಕಡಿತದ ಆದೇಶಗಳನ್ನು ಪ್ರಕಟಿಸಬೇಕು, ಅನಿರ್ದಿಷ್ಟ ಕಾಲದವರೆಗೆ ಕಡಿತ ಮಾಡುವಂತಿಲ್ಲ ಎಂದು 2020ರ ಜನವರಿ 10ರಂದು ಕೋರ್ಟ್ ಹೇಳಿತು. ಆದರೂ ಅಲ್ಲಿ 4ಜಿ ಪೂರ್ತಿ ಮರಳಿದ್ದು 2021ರ ಫೆಬ್ರುವರಿಯಲ್ಲಿ. ಕಾಶ್ಮೀರ ದೂರ ಎನ್ನುವವರು ಇದನ್ನು ಗಮನಿಸಿ: 2021ರ ಸೆಪ್ಟೆಂಬರ್‌ನಲ್ಲಿ ರಾಜಸ್ಥಾನ ಶಿಕ್ಷಕರ ಅರ್ಹತಾ ಪರೀಕ್ಷೆಗಾಗಿ, 2024ರ ಸೆಪ್ಟೆಂಬರ್‌ನಲ್ಲಿ ಅಸ್ಸಾಂ ನೇಮಕಾತಿ ಪರೀಕ್ಷೆಗಾಗಿ ಮೊಬೈಲ್ ಇಂಟರ್ನೆಟ್ ನಿಲ್ಲಿಸಲಾಯಿತು. ಒಂದು ಕಡೆ ಕಾಂಗ್ರೆಸ್ ಸರ್ಕಾರ, ಇನ್ನೊಂದು ಕಡೆ ಬಿಜೆಪಿ ಸರ್ಕಾರ. ನಕಲು ತಡೆಯುವುದು ನಮಗೂ ಬೇಕು, ನಮಗೇ ಹೆಚ್ಚು ಬೇಕು. ಆದರೆ ಪ್ರಶ್ನೆಪತ್ರಿಕೆ ಕಾಯಲಾಗದ ವ್ಯವಸ್ಥೆ, ಇಡೀ ರಾಜ್ಯದ ಡೆಲಿವರಿ ಹುಡುಗನ ದಿನಗೂಲಿಯನ್ನೂ ಕಿರಾಣಿ ಅಂಗಡಿಯ ಯುಪಿಐಯನ್ನೂ ನಿಲ್ಲಿಸುವುದು ಯಾವ ನ್ಯಾಯ? ಮುಂದೆ ತನ್ನ ಅನುಮತಿಯಿಲ್ಲದೆ ಪರೀಕ್ಷೆಗಾಗಿ ಇಂಟರ್ನೆಟ್ ನಿಲ್ಲಿಸಬಾರದು ಎಂದು ಗುವಾಹಟಿ ಹೈಕೋರ್ಟ್ ಅಸ್ಸಾಂ ಸರ್ಕಾರಕ್ಕೆ ಹೇಳಬೇಕಾಯಿತು.

ನಮ್ಮಲ್ಲಿ ಅನೇಕರ ಅನುಮಾನಕ್ಕೆ ಪಕ್ಷದ ಬಣ್ಣವಿದೆ. ನಮಗಾಗದ ಪಕ್ಷ ಅಧಿಕಾರದಲ್ಲಿದ್ದರೆ ಪ್ರಜಾಪ್ರಭುತ್ವ ಅಪಾಯದಲ್ಲಿರುತ್ತದೆ, ನಮ್ಮ ಪಕ್ಷ ಬಂದರೆ ಅದೇ ಕಾನೂನು ಶಿಸ್ತಿನಂತೆ ಕಾಣುತ್ತದೆ. ಫೇಸ್‌ಬುಕ್ ಪೋಸ್ಟ್‌ಗಾಗಿ ಬಂಧಿಸಲು ಬಳಕೆಯಾದ ಐಟಿ ಕಾಯ್ದೆಯ 66ಎ ಸೆಕ್ಷನ್ ಯುಪಿಎ ಕಾಲದ್ದು. ನಂತರ ಬಂದ ಎನ್‌ಡಿಎ ಸರ್ಕಾರ ಕೋರ್ಟಿನಲ್ಲಿ ಅದನ್ನು ಸಮರ್ಥಿಸಿಕೊಂಡಿತು. ಅದನ್ನು ಪ್ರಶ್ನಿಸಿದ್ದು ಶ್ರೇಯಾ ಸಿಂಘಾಲ್ ಎಂಬ ಯುವತಿ. 2015ರ ಮಾರ್ಚ್ 24ರಂದು ಕೋರ್ಟ್ ಆ ಸೆಕ್ಷನ್ ರದ್ದುಪಡಿಸಿತು. ಆದರೆ ರದ್ದಾದ ಸೆಕ್ಷನ್ ಅಡಿಯಲ್ಲೇ ಪೊಲೀಸರು ಇನ್ನೂ ಪ್ರಕರಣ ದಾಖಲಿಸುತ್ತಿದ್ದಾರೆಂದು ಗೊತ್ತಾಗಿ 2021ರಲ್ಲಿ ಅದೇ ಕೋರ್ಟ್ ಆಘಾತ ವ್ಯಕ್ತಪಡಿಸಿತು.

ತನ್ನ ಬಗೆಗಿನ ಸುದ್ದಿ ಸುಳ್ಳೋ ನಿಜವೋ ಎಂದು ತಾನೇ ಗುರುತಿಸುವ ಫ್ಯಾಕ್ಟ್‌ಚೆಕ್ ಘಟಕಕ್ಕಾಗಿ ಕೇಂದ್ರ ಸರ್ಕಾರ 2023ರಲ್ಲಿ ನಿಯಮ ತಂದಿತು. 2024ರಲ್ಲಿ ಬಾಂಬೆ ಹೈಕೋರ್ಟ್ ಅದನ್ನು ರದ್ದುಪಡಿಸಿತು. ಮರುವರ್ಷ ನಮ್ಮದೇ ರಾಜ್ಯದಲ್ಲಿ, ಬೇರೆ ಪಕ್ಷದ ಸರ್ಕಾರದ ಕಾಲದಲ್ಲಿ, ಸುಳ್ಳು ಸುದ್ದಿಗೆ ಏಳು ವರ್ಷದವರೆಗೆ ಜೈಲು ಎನ್ನುವ ಮಸೂದೆಯ ಕರಡು ಚರ್ಚೆಗೆ ಬಂತು. ವಿರೋಧ ಪಕ್ಷದಲ್ಲಿದ್ದಾಗ ಎಲ್ಲರೂ ಸ್ವಾತಂತ್ರ್ಯವಾದಿಗಳೇ.

ಫ್ರೀಡಂ ಪಾರ್ಕ್ ಇದಕ್ಕೆ ಒಳ್ಳೆಯ ಉದಾಹರಣೆ. ತುರ್ತು ಪರಿಸ್ಥಿತಿಯ ಬಂದಿಗಳಿದ್ದ ಬೆಂಗಳೂರಿನ ಆ ಹಳೆಯ ಜೈಲೇ ಈಗಿನ ಫ್ರೀಡಂ ಪಾರ್ಕ್. ಪರೀಕ್ಷೆ ಬರೆಯಲು ಹೋಗಿದ್ದಾಗ ನೋಡಿ ಬಂದೆ. ಕಾವಲು ಗೋಪುರ ಇನ್ನೂ ಇದೆ. 2021ರ ಆದೇಶದ ಪ್ರಕಾರ ನಗರದಲ್ಲಿ ಪ್ರತಿಭಟನೆ ನಡೆಸಲು ಇರುವ ಜಾಗ ಇದೊಂದೇ. ಆದೇಶ ಬಂದಾಗ ಬಿಜೆಪಿ ಸರ್ಕಾರವಿತ್ತು. 2023ರಲ್ಲಿ ಕಾಂಗ್ರೆಸ್ ಸರ್ಕಾರ ಬಂತು, ಜಾಗ ಮಾತ್ರ ಬದಲಾಗಲಿಲ್ಲ. ರೈತ, ಅಂಗನವಾಡಿ ಕಾರ್ಯಕರ್ತೆ, ಅತಿಥಿ ಉಪನ್ಯಾಸಕ ಎಲ್ಲರೂ ಒಂದು ಆವರಣದೊಳಗೆ ಕೂಗಬೇಕು. ಹೊರಗಿನ ರಸ್ತೆಯಲ್ಲಿ ಹೋಗುವವರಿಗೆ ಕೇಳಿಸಿದರೆ ಅದೃಷ್ಟ.

ಎದುರು ವಾದವೂ ಹಗುರವಲ್ಲ. ಟ್ರಾಫಿಕ್‌ನಲ್ಲಿ ಆಂಬುಲೆನ್ಸ್ ಸಿಕ್ಕಿಕೊಂಡರೆ ಯಾರು ಹೊಣೆ? 2020ರ ಆಗಸ್ಟ್‌ನಲ್ಲಿ ಒಂದು ಫೇಸ್‌ಬುಕ್ ಪೋಸ್ಟ್ ನೆಪವಾಗಿ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಯಲ್ಲಿ ಹಿಂಸೆ ನಡೆದು ಜೀವಗಳು ಹೋದವು. ಅಂಥ ರಾತ್ರಿ ಸರ್ಕಾರ ಕೈಕಟ್ಟಿ ಕೂರಲಿ ಎಂದು ಯಾರೂ ಹೇಳಲಾರರು. ಸಂವಿಧಾನವೂ ಶಾಂತಿಯುತವಾಗಿ, ನಿಶ್ಶಸ್ತ್ರವಾಗಿ ಸೇರುವ ಹಕ್ಕು ಕೊಟ್ಟು, ಅದರ ಮೇಲೆ ‘ಯುಕ್ತ ನಿರ್ಬಂಧ’ ಇರಬಹುದು ಎಂದಿದೆ. ನಿರ್ಬಂಧವೇ ಬೇಡ ಎಂಬುದು ನನ್ನ ವಾದವಲ್ಲ. ಅದು ಯುಕ್ತವೋ ಅಲ್ಲವೋ ಎಂದು ನೋಡಲು ಕಾರಣ ಕಾಗದದ ಮೇಲಿರಬೇಕು, ಅವಧಿ ಇರಬೇಕು, ಮೇಲ್ಮನವಿಗೆ ದಾರಿ ಇರಬೇಕು. ಇಷ್ಟನ್ನು ಕೊಡಲು ಪ್ರಾಮಾಣಿಕ ಸರ್ಕಾರಕ್ಕೆ ಕಷ್ಟವೇನಿದೆ?

ಇನ್ನು ನಮ್ಮ ಭಯದ ವಿಷಯ. ‘ಎಫ್‌ಐಆರ್ ಆದರೆ ಸರ್ಕಾರಿ ನೌಕರಿ ಮುಗೀತು’ ಎಂಬ ಒಂದೇ ಮಾತು ಎಷ್ಟೋ ಹಾಸ್ಟೆಲ್‌ಗಳನ್ನು ಸುಮ್ಮನಿರಿಸಿದೆ. ನನ್ನ ರೂಮ್‌ಮೇಟ್ ಒಬ್ಬ, ಇಂಟರ್ನೆಟ್ ಕಡಿತದ ಬಗ್ಗೆ ಬರೆದ ನಾಲ್ಕು ಸಾಲಿನ ಪೋಸ್ಟ್ ಅನ್ನು ಪೊಲೀಸ್ ವೆರಿಫಿಕೇಶನ್ ನೆನೆದು ಅಳಿಸಿಬಿಟ್ಟ. ಯಾರೂ ಅವನಿಗೆ ಬೆದರಿಕೆ ಹಾಕಿರಲಿಲ್ಲ. ಭಯ ಪೂರ್ತಿ ಆಧಾರವಿಲ್ಲದ್ದು ಎಂದು ಹೇಳುವುದಿಲ್ಲ. ನೇಮಕಾತಿ ಅರ್ಜಿಯಲ್ಲಿ ಪ್ರಕರಣಗಳ ಬಗ್ಗೆ ಕೇಳುತ್ತಾರೆ, ನಿಜವನ್ನೇ ಬರೆಯಬೇಕು. ಆದರೆ ಕಾನೂನು ನಾವು ಊಹಿಸಿದಷ್ಟು ನಿರ್ದಯವಲ್ಲ. 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕ್ಷುಲ್ಲಕ ಪ್ರಕರಣವನ್ನು ಅಭ್ಯರ್ಥಿ ಮುಚ್ಚಿಟ್ಟಿದ್ದರೂ ನೇಮಕಾತಿ ಪ್ರಾಧಿಕಾರ ತನ್ನ ವಿವೇಚನೆ ಬಳಸಿ ಮನ್ನಿಸಬಹುದು ಎಂದಿದೆ. ಕ್ಷುಲ್ಲಕ ಎಂಬುದಕ್ಕೆ ಅದು ಕೊಟ್ಟ ಉದಾಹರಣೆ: ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದ್ದು!

545 ಪಿಎಸ್‌ಐ ಹುದ್ದೆಗಳ ಹಗರಣ ನೆನಪಿದೆಯಲ್ಲ? 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆಯಿತು. ಅಕ್ರಮದ ಆರೋಪ, ಸಿಐಡಿ ತನಿಖೆಯ ನಂತರ 2022ರ ಏಪ್ರಿಲ್‌ನಲ್ಲಿ ಅದು ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಅಕ್ರಮ ನಡೆದಿದೆ ಎಂದವರೂ, ಪ್ರಾಮಾಣಿಕವಾಗಿ ಪಾಸಾದ ನಮಗೇಕೆ ಶಿಕ್ಷೆ ಎಂದವರೂ ಬೀದಿಗಿಳಿದರು, ಕೋರ್ಟಿಗೂ ಹೋದರು. ಇಬ್ಬರ ಬೇಡಿಕೆಗಳು ಒಂದಕ್ಕೊಂದು ವಿರುದ್ಧ, ಆದರೆ ಇಬ್ಬರಿಗೂ ಬೇಕಾಗಿದ್ದ ಹಕ್ಕು ಒಂದೇ. ಸೇರುವ, ಕೇಳುವ ಹಕ್ಕನ್ನು ‘ರಾಜಕೀಯ’ ಎಂದು ದೂರವಿಟ್ಟರೆ, ನಾಳೆ ನಮ್ಮದೇ ಒಎಂಆರ್ ಶೀಟ್ ಬಗ್ಗೆ ಕೇಳಲು ಯಾವ ಬಾಯಿ ಉಳಿಯುತ್ತದೆ?

ಹಾಗಾದರೆ ಏನು ಮಾಡಬೇಕು? ಎಲ್ಲರೂ ಬೀದಿಗೆ ಬನ್ನಿ ಎಂದು ಹೇಳುತ್ತಿಲ್ಲ. ಮೊದಲು, ಆದೇಶದ ಬಗೆಗಿನ ವಾಟ್ಸ್‌ಆ್ಯಪ್ ಸಂದೇಶ ಬಿಟ್ಟು ಆದೇಶವನ್ನೇ ಓದೋಣ. ಅದು ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕೋಣ. ಶುಲ್ಕ ಹತ್ತು ರೂಪಾಯಿ. ಉತ್ತರಕ್ಕೆ 30 ದಿನ, ಜೀವ ಮತ್ತು ಸ್ವಾತಂತ್ರ್ಯದ ವಿಷಯವಾದರೆ 48 ಗಂಟೆ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಪ್ರಬಂಧ ಪತ್ರಿಕೆಗೆ ತಯಾರಾಗುವ ನಮಗೆ ಇದೊಂದು ಒಳ್ಳೆಯ ಅಭ್ಯಾಸವೇ ಸರಿ. ಬಂಧಿಸಿದರೆ ಕಾರಣ ತಿಳಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು ಎನ್ನುವ 22ನೇ ವಿಧಿಯನ್ನು ಪರೀಕ್ಷೆಗಾಗಿ ಮಾತ್ರವಲ್ಲದೆ ಪಕ್ಕದ ಮನೆಯವರಿಗಾಗಿಯೂ ನೆನಪಿಟ್ಟುಕೊಳ್ಳೋಣ.

ಕೊನೆಯದು ಎಲ್ಲಕ್ಕಿಂತ ಕಷ್ಟದ್ದು. ನಮಗಾಗದ ಸರ್ಕಾರಕ್ಕೆ ಕೇಳುವ ಪ್ರಶ್ನೆಯನ್ನು ನಾವು ಮತ ಹಾಕಿದ ಸರ್ಕಾರಕ್ಕೂ ಅದೇ ದನಿಯಲ್ಲಿ ಕೇಳಬೇಕು. ನಾಳೆ ನಮ್ಮಲ್ಲೇ ಕೆಲವರು ತಹಶೀಲ್ದಾರ್, ಪಿಎಸ್‌ಐ ಆಗಿ ಇಂಥ ಆದೇಶಗಳಿಗೆ ಸಹಿ ಹಾಕುವ ಕುರ್ಚಿಯಲ್ಲಿ ಕೂರುತ್ತೇವೆ. ಆಗ ಎದುರಿಗೆ ನಿಂತ ಹುಡುಗಿಯೊಬ್ಬಳು ‘ಸರ್, ಕಾರಣ ಬರೆದು ಕೊಡಿ’ ಎಂದರೆ ಸಿಟ್ಟಾಗದೆ ಬರೆದು ಕೊಡಬೇಕು. ಅಷ್ಟು ಮಾಡಿದ ಕಚೇರಿಯನ್ನು ಜನ ನಂಬಿಯೇ ನಂಬುತ್ತಾರೆ.