ಹೆಸರು ಬದಲಿಸು ಅನ್ನುವವರಿಗೆ

ಅಕ್ಕಲಕೋಟೆ ಕಡೆಯ ಹುಡುಗಿಯೊಬ್ಬಳು ಪುಣೆಯ ಕರ್ವೆನಗರದಲ್ಲಿ ಪಿಜಿಯಲ್ಲಿದ್ದುಕೊಂಡು ಮೊಬೈಲ್ ಆಪ್ ಬರೆಯುವ ಕೋರ್ಸ್ ಮಾಡುತ್ತಿದ್ದಾಳೆ. ಹತ್ತನೆಯವರೆಗೆ ಕನ್ನಡ ಮಾಧ್ಯಮ. ಮಹಾರಾಷ್ಟ್ರದ ಗಡಿ ತಾಲ್ಲೂಕುಗಳಲ್ಲಿ ಈಗಲೂ ಅಂಥ ಶಾಲೆಗಳಿವೆ. ಒಂದು ರಾತ್ರಿ ಫೋನ್ ಮಾಡಿ, "ಅಣ್ಣಾರ, ಇದು ಚಾಲೂನ ಆಗವಲ್ದ್ರೀ. ಚಿತ್ರ ಬರ್ತೈತಿ, ಹೋಗ್ತೈತಿ" ಅಂದಳು. ಕೋಡ್ ಬರೆಯುವ ತಂತ್ರಾಂಶ ತೆರೆದುಕೊಳ್ಳುತ್ತಿರಲಿಲ್ಲ. ಮೂರು ಸಲ ಕಿತ್ತುಹಾಕಿ ಮತ್ತೆ ಇನ್‌ಸ್ಟಾಲ್ ಮಾಡಿದ್ದಳು. ಮರುದಿನ ಪ್ರಾಜೆಕ್ಟ್ ತೋರಿಸಬೇಕಿತ್ತು.

ನನಗಿಂತ ಮೊದಲು ಇಬ್ಬರನ್ನು ಕೇಳಿದ್ದಳು. ಕ್ಲಾಸಿನ ಸರ್ ಲ್ಯಾಪ್‌ಟಾಪ್ ನೋಡಿ, "ನಾವ್ ಇಂಗ್ರಜೀತ್ ಟಾಕ್" ಅಂದಿದ್ದರಂತೆ. ಹೆಸರನ್ನು ಇಂಗ್ಲಿಷಿನಲ್ಲಿ ಹಾಕು ಅಂತ. ಮರಾಠಿಯ 'ನಾವ್' ಅಂದರೆ ಹೆಸರು. ಕನ್ನಡದ ಕಿವಿಗೆ ಅದು 'ನಾವು' ಎಂದೇ ಕೇಳುತ್ತದೆ. ಆಮೇಲೆ ಆಕೆ ಕೇಳಿದ್ದು ನಮ್ಮದೇ ವಾಟ್ಸಾಪ್ ಗುಂಪಿನಲ್ಲಿ, ಹಿಂಜೆವಾಡಿಯ ಕನ್ನಡದ ಇಂಜಿನಿಯರುಗಳು ತುಂಬಿರುವ ಗುಂಪಿನಲ್ಲಿ. ಎರಡೇ ನಿಮಿಷಕ್ಕೆ ಉತ್ತರ: "ಯೂಸರ್‌ನೇಮ್ ಕನ್ನಡದಲ್ಲಿ ಯಾಕಮ್ಮಾ ಹಾಕಿದೆ?" ಕೆಳಗೆ ನಾಲ್ಕು ನಗುವ ಮುಖ. ನವೆಂಬರ್ ಒಂದಕ್ಕೆ ಬಾವುಟದ ಚಿತ್ರ ಹಾಕುವ ಅದೇ ಬೆರಳುಗಳು.

ಈ ಲೇಖನ ಆ ನಾಲ್ಕು ನಗುವ ಮುಖಗಳ ಕುರಿತು.

ಮೊದಲು ರೋಗ ಏನೆಂದು ನೋಡೋಣ. ಲಾಗ್ ಫೈಲ್ ಕಳಿಸಲು ಹೇಳಿದೆ. ಯೂಸರ್ಸ್ ಫೋಲ್ಡರಿನ ಮುಂದೆ ಆಕೆಯ ಹೆಸರಿರಬೇಕಾದ ಜಾಗದಲ್ಲಿ ಒಂಬತ್ತು ಪ್ರಶ್ನಾರ್ಥಕ ಚಿಹ್ನೆಗಳಿದ್ದವು. ಆಕೆಯ ಹೆಸರಿನ ವ್ಯಂಜನ, ಗುಣಿತ, ವಿರಾಮ ಎಲ್ಲವನ್ನೂ ಬಿಡಿಸಿ ಎಣಿಸಿದೆ. ಒಂಬತ್ತೇ. ಪ್ರಶ್ನಾರ್ಥಕ ಚಿಹ್ನೆಯನ್ನು ವಿಂಡೋಸ್ ಯಾವ ಫೋಲ್ಡರಿನ ಹೆಸರಿನಲ್ಲೂ ಬಿಟ್ಟುಕೊಳ್ಳುವುದಿಲ್ಲ. ಅಂದರೆ ಆ ತಂತ್ರಾಂಶ, ಇರಲು ಸಾಧ್ಯವೇ ಇಲ್ಲದ ಮನೆಯ ವಿಳಾಸ ಹಿಡಿದು ಅಲೆದು, ಸುಸ್ತಾಗಿ ಬಾಗಿಲು ಹಾಕಿಕೊಳ್ಳುತ್ತಿತ್ತು.

ವಿಂಡೋಸಿನಲ್ಲಿ ಕಡತದ ದಾರಿ ಕೇಳಲು ಪ್ರೋಗ್ರಾಮಿಗೆ ಎರಡು ಬಾಗಿಲುಗಳಿವೆ. ಒಂದು ಯೂನಿಕೋಡಿನದು, ಅಲ್ಲಿ ಎಲ್ಲ ಲಿಪಿಗೂ ಪ್ರವೇಶ. ಇನ್ನೊಂದು ಹಳೆಯದು, ಕೋಡ್‌ಪೇಜ್ ಎಂಬ ಚಿಕ್ಕ ಪಟ್ಟಿಯಲ್ಲಿ ಇರುವ ಅಕ್ಷರಗಳಿಗೆ ಮಾತ್ರ. ಜಪಾನಿಗೆ 932, ಥಾಯ್ ಭಾಷೆಗೆ 874, ವಿಯೆಟ್ನಾಮಿಗೆ 1258. ಕನ್ನಡಕ್ಕೆ ಅಂಥ ಪಟ್ಟಿಯೇ ಇಲ್ಲ. ದೇವನಾಗರಿಗೂ ಇಲ್ಲ, ಆ ಸರ್ ತಮ್ಮ ಹೆಸರನ್ನು ಮರಾಠಿಯಲ್ಲಿ ಹಾಕಿದ್ದರೆ ಅವರಿಗೂ ಇದೇ ಗತಿ. ಪಟ್ಟಿ ಇಲ್ಲದ್ದು ತಪ್ಪಲ್ಲ. ಭಾರತದ ಲಿಪಿಗಳು ವಿಂಡೋಸಿಗೆ ಬರುವ ಹೊತ್ತಿಗೆ ಯೂನಿಕೋಡ್ ಇತ್ತು, ನೇರ ಅದರಲ್ಲೇ ಬಂದವು. ತಪ್ಪು, ಇಷ್ಟು ವರ್ಷವಾದರೂ ಹಳೆಯ ಬಾಗಿಲನ್ನೇ ತಟ್ಟುವ ಪ್ರೋಗ್ರಾಮಿನದು. ಕನ್ನಡ ಯೂನಿಕೋಡಿನಲ್ಲಿರುವುದು 1991ರಿಂದ.

ಇದು ಪುಣೆಯಲ್ಲಿ ನಡೆಯುವುದು ಇನ್ನೂ ಚೆನ್ನಾಗಿದೆ. ಸಿ-ಡ್ಯಾಕ್ 1988ರಲ್ಲಿ ಹುಟ್ಟಿದ್ದು ಈ ಊರಿನಲ್ಲಿ. ಭಾರತೀಯ ಲಿಪಿಗಳನ್ನು ಕಂಪ್ಯೂಟರಿಗೆ ತಂದ ಜಿಸ್ಟ್ ತಂತ್ರಜ್ಞಾನ ಕಾನ್ಪುರದ ಐಐಟಿಯಿಂದ ಬಂದು ಬೆಳೆದದ್ದು ಇಲ್ಲಿ. ಯೂನಿಕೋಡಿನಲ್ಲಿ ಕನ್ನಡದ ಅಕ್ಷರಗಳು ಕೂತಿರುವ ಕ್ರಮಕ್ಕೆ ಆಧಾರ ನಮ್ಮ ಇಸ್ಕಿ ಸಂಕೇತ. ಆ ಊರಿನಲ್ಲಿ ಕೂತು ನಾವು ಒಬ್ಬ ವಿದ್ಯಾರ್ಥಿನಿಗೆ, ನಿನ್ನ ಹೆಸರೇ ದೋಷ ಅನ್ನುತ್ತಿದ್ದೇವೆ.

ಗುಂಪಿನಲ್ಲಿ ಒಬ್ಬರ ವಾದ: ಕೋಡೆಲ್ಲ ಇಂಗ್ಲಿಷೇ ತಾನೇ, ಹೆಸರಿಗೇಕೆ ಹಟ? ಸ್ವಾಮಿ, 'ಇಫ್', 'ಎಲ್ಸ್' ಕಸುಬಿನ ಹತಾರಗಳು, ಅವು ಯಾವ ಭಾಷೆಯಲ್ಲಿದ್ದರೂ ಕಲಿಯಬಹುದು. ಹೆಸರು ಹತಾರವಲ್ಲ. ಅದೂ ಅಲ್ಲದೆ ಜಾವಾದಲ್ಲಿ ಮೊದಲಿನಿಂದಲೂ, ಪೈಥಾನ್ 3ರಲ್ಲಿ 2008ರಿಂದ, ವೇರಿಯಬಲ್ಲಿಗೆ ಕನ್ನಡದಲ್ಲೇ ಹೆಸರಿಡಬಹುದು. ನಡುಮನೆಯಲ್ಲಿ ಜಾಗ ಇದೆ, ಹೊಸ್ತಿಲಲ್ಲಿ ತಡೆ.

ಇನ್ನೊಂದು ವಾದಕ್ಕೆ ನಾನು ಅರ್ಧ ಸೋಲುತ್ತೇನೆ: ನಾಳೆ ಸಬ್ಮಿಷನ್ ಇರುವವಳಿಗೆ ನಿನ್ನ ತತ್ವ ಯಾಕೆ? ನಿಜ. ಆ ರಾತ್ರಿ ನಾನು ಮಾಡಿಸಿದ್ದೂ ಅಡ್ಡದಾರಿಯೇ. ಸಿ ಡ್ರೈವಿನಲ್ಲಿ 'ಡೆವ್' ಅಂತ ಇಂಗ್ಲಿಷ್ ಅಕ್ಷರದ ಫೋಲ್ಡರ್ ಮಾಡಿಸಿ, ತಂತ್ರಾಂಶದ ಸೆಟ್ಟಿಂಗ್ಸ್, ಕ್ಯಾಶ್, ಟೆಂಪ್ ವೇರಿಯಬಲ್ ಎಲ್ಲವನ್ನೂ ಅಲ್ಲಿಗೆ ತಿರುಗಿಸಿದೆವು. ಹನ್ನೊಂದೂವರೆಗೆ ತೆರೆದುಕೊಂಡಿತು. ಅಕೌಂಟಿನ ಹೆಸರು ಹಾಗೇ ಉಳಿಯಿತು. (ಸೆಟ್ಟಿಂಗ್ಸಿಗೆ ಹೋಗಿ ಹೆಸರು ಬದಲಿಸಿದರೂ ಒಳಗಿನ ಫೋಲ್ಡರಿನ ಹೆಸರು ಬದಲಾಗುವುದಿಲ್ಲ. ಸಲಹೆ ಕೊಟ್ಟ ಮಹನೀಯರಿಗೆ ಇದೂ ಗೊತ್ತಿರಲಿಲ್ಲ.) ರೀಜನ್ ಸೆಟ್ಟಿಂಗ್ಸಿನ ಅಡ್ಮಿನಿಸ್ಟ್ರೇಟಿವ್ ಪುಟದಲ್ಲಿ, ಸಿಸ್ಟಂ ಲೊಕೇಲ್ ಬದಲಿಸುವಲ್ಲಿ, ಯುಟಿಎಫ್-8 ಬಳಸು ಎಂಬ ಚೌಕವೊಂದಿದೆ, ಅದನ್ನು ಟಿಕ್ ಮಾಡಿದರೆ ಹಳೆಯ ಬಾಗಿಲಿಗೂ ಕನ್ನಡ ಬರುತ್ತದೆ. ಆದರೆ ಅದಿನ್ನೂ 'ಬೀಟಾ', ಕೆಲವು ಹಳೆಯ ಪ್ರೋಗ್ರಾಮುಗಳು ಕೆಡುತ್ತವೆ. ಸಬ್ಮಿಷನ್ನಿನ ಹಿಂದಿನ ರಾತ್ರಿ ಮುಟ್ಟುವಂಥದ್ದಲ್ಲ.

ಅಡ್ಡದಾರಿ ತೋರಿಸುವುದಕ್ಕೆ ನನ್ನ ತಕರಾರಿಲ್ಲ. ಅದನ್ನು ರಸ್ತೆ ಅಂತ ಕರೆಯುವುದಕ್ಕೆ ಇದೆ. ತಂತ್ರಾಂಶದ ಬಗ್ ಅದು, ಅಂತ ಆಕೆಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳದೆ ಹೋದದ್ದಕ್ಕೆ ಮೂರು ಸಲ ಇನ್‌ಸ್ಟಾಲ್ ಮಾಡಿದ ಹುಡುಗಿ, ಕೊನೆಗೆ ನನ್ನನ್ನು ಕೇಳಿದ್ದು ಇದು: "ಕನ್ನಡ ಸಾಲ್ಯಾಗ ಕಲ್ತಿದ್ದಕ್ಕ ಹಿಂಗಾತೇನ್ರೀ?"

ಮರುವಾರ ನನ್ನ ಆಫೀಸಿನ ಟೆಸ್ಟ್ ಮಷಿನ್ನಿನಲ್ಲಿ ಕನ್ನಡದಲ್ಲಿ ನನ್ನ ಹೆಸರಿನ ಒಂದು ಅಕೌಂಟ್ ಮಾಡಿದೆ. ನಮ್ಮ ತಂಡದ ಬಿಲ್ಡ್ ಟೂಲನ್ನು ಅದರಲ್ಲಿ ಓಡಿಸಿದೆ. ಮೊದಲ ಸಾಲಿನಲ್ಲೇ ಬಿತ್ತು. ಎರಡು ವರ್ಷದ ಹಿಂದೆ ಆ ಟೂಲ್ ಬರೆದದ್ದು ನಾನೇ. ಬಗ್ ದಾಖಲಿಸಿದೆ. ಸಂಜೆಯೊಳಗೆ ಯಾರೋ "ಯೂಸರ್ ಎರರ್" ಅಂತ ಅದನ್ನು ಮುಚ್ಚಿದ್ದರು. ಮತ್ತೆ ತೆರೆದಿದ್ದೇನೆ.